ಟ್ರಂಕ್ ಲೈನಿನಲ್ಲಿ ಗಂಡನ ಹೆಸರು

ಹೋದ ಶ್ರಾವಣದಲ್ಲಿ ಕಲಬುರಗಿಯಿಂದ ಅಫಜಲಪುರಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೈತುಂಬ ಹಸಿರು ಬಳೆ ತೊಟ್ಟ ಹೊಸ ಮದುವಣಗಿತ್ತಿಯೊಬ್ಬಳು ಕೂತು ಮೊಬೈಲಿನಲ್ಲಿ ಗಂಡನ ಜೊತೆ ಮಾತಾಡುತ್ತಿದ್ದಳು. ಮಾತಾಡುತ್ತಿದ್ದಳು ಅನ್ನುವುದಕ್ಕಿಂತ ಕೂಗುತ್ತಿದ್ದಳು ಅನ್ನಬೇಕು. "ಮಲ್ಲೂ, ಕೇಳಾಕತ್ತದೇನೋ? ಲೇ ಮಲ್ಲಿಕಾರ್ಜುನ, ಚೌಡಾಪುರ ದಾಟೇನಿ ನೋಡು. ಬಸ್‌ಸ್ಟ್ಯಾಂಡಿಗೆ ಗಾಡಿ ತೊಗೊಂಡು ಬಾ." ಇಡೀ ಬಸ್ಸಿಗೆ ಆ ಮಲ್ಲಿಕಾರ್ಜುನನ ಪರಿಚಯವಾಯಿತು. ಕಂಡಕ್ಟರ್ ತಲೆ ಎತ್ತಲಿಲ್ಲ, ಪಕ್ಕದ ಮುದುಕಿಯೂ ತನ್ನ ಪಾಡಿಗೆ ಎಲೆ ಅಡಿಕೆ ಮೆಲ್ಲುತ್ತಿದ್ದಳು. ಕಸಿವಿಸಿಯಾದದ್ದು ನನಗೊಬ್ಬಳಿಗೇ. ಟೆಲಿಫೋನ್ ಇಲಾಖೆಯಲ್ಲಿ ಆಯುಷ್ಯ ಕಳೆದವಳು ನಾನು. ಊರವರ ಗಂಡಂದಿರ ಹೆಸರನ್ನೆಲ್ಲ ಗಂಟಲು ಹರಿಯುವಂತೆ ಕೂಗಿದ್ದೇನೆ. ಆದರೆ ನನ್ನ ಯಜಮಾನರನ್ನು ಮನೆಯಲ್ಲಿ ಇವತ್ತಿಗೂ ಕರೆಯುವುದು "ಇಲ್ಲಿ ಕೇಳ್ರಿ" ಎಂದೇ.

ಕಿಟಕಿಯಾಚೆ ಮಳೆ ಆಗಷ್ಟೇ ಬಿಟ್ಟಿತ್ತು. ತೊಗರಿ ಹೊಲಗಳ ಕಪ್ಪು ಮಣ್ಣಿನ ಹಸಿ ವಾಸನೆ ಒಳಗೆ ಬಂತು. ಆ ವಾಸನೆಗೆ ಈ ಹುಡುಗಿಯ ಕೂಗು ಸೇರಿದ್ದೇ ತಡ, ನನಗೆ ನೀಲವ್ವ ನೆನಪಾದಳು. ಅವಳೊಂದಿಗೆ ಎಂಬತ್ತರ ದಶಕದ ಆ ಒಂದು ಮಳೆಗಾಲವೂ ಬಂದು ಪಕ್ಕದಲ್ಲಿ ಕೂತಿತು.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಕಲಬುರಗಿಯ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಅಫಜಲಪುರದ ಖಾಯಂ ಆಪರೇಟರ್ ಹೆರಿಗೆ ರಜೆಯ ಮೇಲೆ ಹೋಗುವವಳಿದ್ದಳು. ಆ ಜಾಗಕ್ಕೆ ಯಾರನ್ನು ಕಳಿಸುವುದು ಅಂತ ಮಾತು ಬಂದಾಗ, ಕಿರಿಯಳಾದ ನನ್ನ ಕಡೆಗೇ ಎಲ್ಲರೂ ಬೆರಳು ತೋರಿಸಿದರು. ಮಳೆಗಾಲ ಮುಗಿಯುವ ತನಕ, ಅಷ್ಟೇ, ಅಂದರು. ಮುಖ ಊದಿಸಿಕೊಂಡೇ ಹೋದೆ. ನಾನು ಹೋದ ವಾರವೇ ಆಕೆಯ ಕುಬಸ, ಅಂದರೆ ಸೀಮಂತ, ಇತ್ತು. ಅಲ್ಲಿ ಹೋಳಿಗೆ ಉಂಡು ಬಂದ ಮೇಲೆ ಸಿಟ್ಟು ಸ್ವಲ್ಪ ಇಳಿಯಿತು.

ಎಕ್ಸ್‌ಚೇಂಜ್ ಅಂದರೆ ಫರ್ಸಿ ಕಲ್ಲು ಹಾಸಿದ ಒಂದು ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ನನ್ನ ಬೋರ್ಡು; ಯಾರಾದರೂ ಫೋನಿನ ಹಿಡಿಕೆ ತಿರುಗಿಸಿದರೆ ಟಕ್ ಅಂತ ಒಂದು ಪುಟ್ಟ ಮುಚ್ಚಳ ಬೀಳುತ್ತಿತ್ತು, ನಾನು ಅಲ್ಲಿಗೆ ವಾಯರು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು. ಹಿಂದಿನ ಕೋಣೆಯಲ್ಲಿ ಬ್ಯಾಟರಿಗಳು, ಅವುಗಳ ಆಸಿಡ್ ವಾಸನೆ. ಮೂಲೆಗೆ ಗಾಜಿನ ಕಿಟಕಿಯ ಒಂದು ಮರದ ಗೂಡು, ಅದು ಸಾರ್ವಜನಿಕರಿಗೆ. ಊರಲ್ಲಿ ಫೋನಿದ್ದದ್ದು ತಹಸೀಲ್ ಕಚೇರಿಗೆ, ಪೊಲೀಸರಿಗೆ, ದವಾಖಾನೆಗೆ, ಕೆಲವು ಅಡತಿ ಅಂಗಡಿಯವರಿಗೆ. ಸುತ್ತಲಿನ ಹಳ್ಳಿಯವರೆಲ್ಲ ಆ ಗೂಡಿಗೇ ಬರಬೇಕು. ಮುಂಬೈಗೋ ಪುಣೆಗೋ ಟ್ರಂಕ್ ಕಾಲ್ ಬುಕ್ ಮಾಡಿ, ಹೊರಗಿನ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕಾಯಬೇಕು. ಮಳೆ ಬಂದರೆ ಎಲ್ಲರೂ ಒಳಗೆ ಬಂದು ನನ್ನ ಬೋರ್ಡಿನ ಹಿಂದೆ ನಿಲ್ಲುತ್ತಿದ್ದರು.

ಉಸ್ತುವಾರಿ ರಸೂಲ್ ಸಾಹೇಬರದು. ಬಿಳಿ ಗಡ್ಡದ, ಅವಸರವೆಂದರೇನು ಅಂತಲೇ ಗೊತ್ತಿಲ್ಲದ ಮನುಷ್ಯ. ಲೈನ್ ಕೆಟ್ಟರೆ "ಸಬೂರ್ ಮಾಡ್ರಿ", ಲೈನ್ ಸರಿಯಾದರೂ "ಸಬೂರ್ ಮಾಡ್ರಿ". ನಾನೋ, ಸಬೂರಿ ಅನ್ನುವುದನ್ನೇ ಅರಿಯದವಳು. ಅದರಲ್ಲೂ ಹೆಣ್ಣುಮಕ್ಕಳು ಕಾಲ್ ಬುಕ್ ಮಾಡಲು ಬಂದರೆ ನನಗೆ ತಲೆ ಕೆಡುತ್ತಿತ್ತು. ದೂರದ ಊರಿಗೆ ಮಾಡುವ ಕರೆ ಹೆಚ್ಚಾಗಿ ಪಿ.ಪಿ. ಕಾಲ್. ಅಂದರೆ ಇಂಥವರೇ ಬೇಕು ಅಂತ ಹೆಸರು ಹೇಳಿ ಕರೆಸುವುದು. ಬೇಕಾದವರು ಯಾರು? ಗಂಡ. ಹೆಸರೇನು? ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಸೆರಗು ಬಾಯಿಗೆ ಹೋಗುತ್ತಿತ್ತು. ಜೊತೆಗೆ ಬಂದ ನೆರೆಮನೆಯವಳೋ ಮೈದುನನೋ ಮುಂದೆ ಬಂದು ಹೆಸರು ಹೇಳಬೇಕು. ಅದಕ್ಕಾಗಿಯೇ ಜೊತೆಗೊಬ್ಬರನ್ನು ಕರೆದುಕೊಂಡು ಬರುತ್ತಿದ್ದರು.

"ಇದೇನ್ರಿ ಸಾಹೇಬರ, ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗ್ತದಂತ" ಅಂತ ನಾನು ನಕ್ಕರೆ, ಅವರು ಗಡ್ಡ ನೀವಿಕೊಂಡು, "ನಮ್ಮ ಬೇಗಂ ನನ್ನ ಹೆಸರು ಇನ್ನಾ ತೊಗೊಂಡಿಲ್ಲ ಬೇಟಿ. ಅದಕ್ಕ ಹಲ್ಲು ಒಂದೂ ಬಿದ್ದಿಲ್ಲ ನೋಡು" ಅನ್ನುತ್ತಿದ್ದರು.

ನೀಲವ್ವ ಬಂದದ್ದು ಸಂತೆಯ ದಿನ. ಜೊತೆಗೆ ಯಾರೂ ಇರಲಿಲ್ಲ. ಹವಳಗಾದ ಕಡೆ ಹೊಳೆ ದಂಡೆಯ ಒಂದು ಹಳ್ಳಿಯವಳು. ಬುಟ್ಟಿಯಲ್ಲಿ ಬದನೆಕಾಯಿ ಇದ್ದವು, ಆದರೆ ಮಾರಲು ತಂದವಳ ಮುಖವಾಗಿರಲಿಲ್ಲ ಅದು. ಗಂಟು ಬಿಚ್ಚಿ ಬೀಡಿ ಕಟ್ಟಿನ ಕಾಗದದ ಮೇಲೆ ಬರೆದ ಒಂದು ನಂಬರು ಮುಂದಿಟ್ಟಳು. ಮುಂಬೈಯ ಬಟ್ಟೆ ಗಿರಣಿಯೊಂದರ ಟೈಮ್ ಕೀಪರ್ ಆಫೀಸಿನ ನಂಬರು. ಗಂಡ ಹೋಗುವಾಗ ಬರೆದು ಕೊಟ್ಟದ್ದಂತೆ. ನಂಬರು ಬರೆದವ ತನ್ನ ಹೆಸರು ಬರೆದಿರಲಿಲ್ಲ. ತನ್ನ ಹೆಸರನ್ನು ಹೆಂಡತಿಗೆ ಬರೆದು ಕೊಡಬೇಕು ಅಂತ ಯಾವ ಗಂಡನಿಗೆ ಹೊಳೆಯುತ್ತದೆ?

"ಹೆಸರು ಹೇಳ್ರಿ" ಅಂದೆ.

"ನಮ್ಮ ಮನಿಯವ್ರು ರಿ."

"ಅದು ಗೊತ್ತಾತು. ಹೆಸರು?"

"ರುಕ್ಮಿಣಿ ಅಪ್ಪ ರಿ."

"ಗಿರಣಿಯವರಿಗೆ ರುಕ್ಮಿಣಿ ಅಪ್ಪ ಅಂದ್ರ ಏನು ತಿಳೀತದ? ಜೊತಿಗೆ ಯಾರಿಲ್ಲೇನು ನಿಮಗ?"

"ಯಾರಿಗೂ ಹೇಳದ ಬಂದೇನಿ ಬಾಯಾರ" ಅಂದಳು. ನಾನು ವಾಯರು ಕೆಳಗಿಟ್ಟೆ.

ಸಂಗತಿ ಇಷ್ಟು. ಗಂಡ ಊರಲ್ಲಿಲ್ಲದ್ದರಿಂದ ಮನೆಯ ಯಜಮಾನಿಕೆ ಅವನ ಅಣ್ಣನದು. ಆ ಭಾವ ರುಕ್ಮಿಣಿಯನ್ನು ತನ್ನ ಹೆಂಡತಿಯ ತಮ್ಮನಿಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದ. ವರನಿಗೆ ಮೊದಲ ಹೆಂಡತಿ ತೀರಿಹೋಗಿ ಮಕ್ಕಳೂ ಇದ್ದವು. ಬರುವ ಸೋಮವಾರ ನಿಶ್ಚಯ. ರುಕ್ಮಿಣಿ ದಿನಾ ಬಸ್ಸಿಗೆ ಅಫಜಲಪುರದ ಹೈಸ್ಕೂಲಿಗೆ ಬರುತ್ತಿದ್ದಳು, ಆ ವರ್ಷ ಮ್ಯಾಟ್ರಿಕ್. ನೀಲವ್ವ ಬೇಡ ಅಂದದ್ದಕ್ಕೆ ಭಾವ, "ನಿನ್ನ ಗಂಡ ಬಂದು ಬ್ಯಾಡ ಅನ್ಲಿ, ಬಿಡ್ತೇನಿ" ಅಂದಿದ್ದನಂತೆ. ಮುಂಬೈಯಲ್ಲಿದ್ದವ ಸೋಮವಾರದೊಳಗೆ ಬರುವುದಿಲ್ಲ ಅನ್ನುವ ಧೈರ್ಯ ಅವನಿಗೆ.

"ಪತ್ರ ಬರಸಾಕ ದಿನ ಇಲ್ರಿ. ತಾರು ಕೊಟ್ರ ಎದಿ ಒಡಕೊಂಡು ಅಲ್ಲೇ ಬೀಳ್ತಾರ. ಫೋನಿನಾಗ ನನ್ನ ಬಾಯಿಲೆ ಹೇಳಿದ್ರ ಬರ್ತಾರ. ಮಗಳು ಓದ್ಲಿ ಅಂತ ಹೇಳೇ ಹೋಗ್ಯಾರ ಅವ್ರು" ಅಂದಳು.

"ಹಂಗಾದ್ರ ಹೆಸರು ಹೇಳ್ರಿ ನೀಲವ್ವ. ಇಲ್ಲಿ ನಾವಿಬ್ಬರೇ ಇದ್ದೇವಿ."

ಅವಳು ಬಾಯಿ ತೆರೆದಳು. ತುಟಿ ಅಲುಗಾಡಿತು. ಹೆಸರು ಮಾತ್ರ ಹೊರಗೆ ಬರಲಿಲ್ಲ. ಹಟವಲ್ಲ ಅದು, ನಿಜವಾಗಿಯೂ ಬರಲಿಲ್ಲ. ನೋಡುತ್ತಿದ್ದ ನನಗೆ ಸಿಟ್ಟು ಹೋಗಿ ಸಂಕಟ ಶುರುವಾಯಿತು. ಆಗ ನಾನು ಉಂಡು ಬಂದ ಆ ಕುಬಸ ನೆನಪಾಯಿತು. ನಮ್ಮ ಕಡೆ ಅಂಥ ಕಾರ್ಯಗಳಲ್ಲಿ ಹೆಣ್ಣುಮಕ್ಕಳೆಲ್ಲ ಸುತ್ತುಗಟ್ಟಿ ಗಂಡನ ಹೆಸರು ಹೇಳು ಅಂತ ಕಾಡುತ್ತಾರೆ. ಬರೇ ಹೆಸರು ಹೇಳುವಂತಿಲ್ಲ, ಪ್ರಾಸ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಒಡಪು ಹೇಳಬೇಕು. ಒಡಪಿನಲ್ಲಿ ಬಂದ ಹೆಸರಿಗೆ ದೋಷವಿಲ್ಲ.

"ಒಡಪು ಹೇಳ್ರಿ" ಅಂದೆ.

"ಇಲ್ಲೇನ್ರಿ? ಕಚೇರಿಯಾಗ?"

"ಇಲ್ಲೇ."

ನೀಲವ್ವ ಸೆರಗು ತಲೆ ಮೇಲೆ ಎಳೆದುಕೊಂಡಳು. ಬೋರ್ಡಿಗೆ ಅರ್ಧ ಬೆನ್ನು ಮಾಡಿ ಗೋಡೆ ನೋಡುತ್ತ ಮೆಲ್ಲಗೆ ಹೇಳಿದಳು:

"ಹೊಳಿ ದಂಡಿ ಹೊಲದಾಗ ಬಿಳಿಜ್ವಾಳದ ತೆನಿ,
ಭೀಮಶಾ ಅವರ ಹೆಸರ ಒಡಪಿನಾಗ ಹೇಳೇನಿ."

ಬಾಗಿಲಲ್ಲಿ ನಿಂತಿದ್ದ ರಸೂಲ್ ಸಾಹೇಬರು "ವ್ಹಾ" ಅಂದರು. ನೀಲವ್ವ ನಾಚಿ ನೀರಾದಳು. ನಾನು ಚೀಟಿಯ ಮೇಲೆ ಭೀಮಶಾ ಅಂತ ಬರೆದು ಕಲಬುರಗಿಗೆ ಕೂಗಿದೆ, ಕಲಬುರಗಿಯವರು ಸೋಲಾಪುರಕ್ಕೆ ಕೂಗಿದರು. ಸೋಲಾಪುರದ ಆಪರೇಟರ್ ಒಬ್ಬ ಮರಾಠಿ ಹೆಂಗಸು, ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಕಾಲ್ ಬುಕ್ ಮಾಡಲು ಯಾಕೆ ಇಷ್ಟು ಹೊತ್ತು ಅಂತ ರೇಗಿದಳು. ನಾನು ಒಡಪಿನ ಕಥೆ ಹೇಳಿದೆ. ಆಕೆ ನಕ್ಕು, "ನಮ್ಮಲ್ಲಿ ಇದಕ್ಕ ಉಖಾಣಾ ಅಂತೀವಿ. ಹೇಳ್ರಿ, ಹೇಳ್ರಿ, ಪೂರಾ ಹೇಳ್ರಿ" ಅಂದಳು. ಹೇಳಿದೆ. ಅಂದಿನಿಂದ ನೀಲವ್ವನ ಕರೆ ಅಂದರೆ ಸೋಲಾಪುರದಲ್ಲಿ ಉಳಿದವರಿಗಿಂತ ಮೊದಲು.

ಆದರೂ ಆ ದಿನ ಕರೆ ಸಿಗಲಿಲ್ಲ. ಮಳೆಗಾಲದಲ್ಲಿ ನಮ್ಮ ಲೈನುಗಳ ಪಾಡು ಹೇಳಬಾರದು. ಎಲ್ಲೋ ಒಂದು ಕಡೆ ಕಂಬ ವಾಲಿ ತಂತಿ ಜಾಲಿಗಿಡಕ್ಕೆ ತಾಗಿದರೂ ಸಾಕು, ಕಿವಿಯಲ್ಲಿ ಬರೀ ಜೊರ್ರೋ ಅನ್ನುವ ಸದ್ದು. ಸಂಜೆ ಬಸ್ಸಿನ ಹೊತ್ತಾದಾಗ ನೀಲವ್ವ ಮಾರದೆ ಉಳಿದ ಬದನೆಕಾಯಿಗಳನ್ನು ನನ್ನ ಮೇಜಿನ ಮೇಲೆ ಸುರಿದು ಹೋದಳು. ವಾಪಸ್ಸು ಒಯ್ದರೆ ಮನೆಯಲ್ಲಿ ಅನುಮಾನ ಬರುತ್ತದೆಯಲ್ಲ.

ಮರುದಿನ ಮತ್ತೆ ಬಂದಳು. ಈ ಸಲ ದವಡೆಗೆ ಬಟ್ಟೆ ಬಿಗಿದು ತಲೆಯ ಮೇಲೆ ಗಂಟು ಹಾಕಿದ್ದಳು. ಹಲ್ಲು ನೋವು, ದವಾಖಾನೆಗೆ ಹೋಗುತ್ತೇನೆ ಅಂತ ಹೇಳಿ ಬಂದಿದ್ದಳಂತೆ. ಬಸ್ಸಿನಲ್ಲಿ ಊರಿನವರು ಇದ್ದುದರಿಂದ ದಾರಿಯುದ್ದಕ್ಕೂ ನರಳುತ್ತ ಬಂದಿದ್ದಳು. "ನರಳಿ ನರಳಿ ಖರೇನ ನೋಯಾಕತ್ತದ್ರಿ" ಅಂದಳು. ಅಷ್ಟು ಚಿಂತೆಯಲ್ಲೂ ಇಬ್ಬರೂ ನಕ್ಕೆವು.

ಮಧ್ಯಾಹ್ನ ಮಳೆ ಹಿಡಿಯಿತು. ಹೊಳೆಯ ಕಡೆಯಿಂದ ಮೋಡ ಒಂದರ ಮೇಲೊಂದು ಏರಿ ಬರುತ್ತಿತ್ತು. ಬೇವಿನ ಗಿಡದ ಕೆಳಗಿದ್ದವರೆಲ್ಲ ಒಳಗೆ ಬಂದು ಬಟ್ಟೆ ಹಿಂಡುತ್ತ ನಿಂತರು. ಆಗ ಸೋಲಾಪುರದವಳ ಧ್ವನಿ: "ಅಫಜಲಪುರ, ನಿಮ್ಮ ಜ್ವಾಳದ ತೆನಿ ಬಂತು. ಲಗೂ ಮಾತಾಡಸ್ರಿ, ಲೈನ್ ನೆಟ್ಟಗಿಲ್ಲ."

ನೀಲವ್ವ ಗೂಡಿನೊಳಗೆ ಓಡಿದಳು. ಲೈನ್ ಕೆಟ್ಟಾಗ ನಡುವೆ ಕೂತು ಮಾತು ದಾಟಿಸುವುದು ನಮ್ಮ ಕೆಲಸ, ಹಾಗಾಗಿ ನಾನೂ ಕಿವಿಗೊಟ್ಟು ಕೂತೆ. ಆ ಕಡೆ ಗಿರಣಿಯ ಗದ್ದಲ, ಭೀಮಶಾ ಬಂದ ಅಂತ ಮರಾಠಿಯಲ್ಲಿ ಯಾರೋ ಕೂಗುವುದು, ಆಮೇಲೆ ಒಬ್ಬ ಗಂಡಸಿನ ಅಳು. ಹಲೋ ಇಲ್ಲ, ಏನಿಲ್ಲ. ನೇರ ಅಳು.

"ಯಾರು ಹೋದ್ರು ಹೇಳ್ರಿ. ಅವ್ವ ಹೋದಳೇನು?"

ಆ ಕಾಲದಲ್ಲಿ ಕೂಲಿಯವನಿಗೆ ಊರಿಂದ ಟ್ರಂಕ್ ಕಾಲ್ ಬಂತು ಅಂದರೆ ಅರ್ಥ ಒಂದೇ. ಟೆಲಿಗ್ರಾಮಿಗೆ ಹೆದರುತ್ತಾನೆ ಅಂತ ಫೋನ್ ಮಾಡಿದ ನೀಲವ್ವನಿಗೆ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

"ಯಾರೂ ಹೋಗಿಲ್ರಿ. ನಾ ಮಾತಾಡಾಕತ್ತೇನಿ. ಕೇಳಾಕತ್ತದೇನ್ರಿ?" ಅಂತ ನೀಲವ್ವ ಕೂಗಿದಳು. ದವಡೆಯ ಬಟ್ಟೆ ಕಿತ್ತೊಗೆದು ಮತ್ತೆ ಕೂಗಿದಳು. ಅವನ ಮಾತು ನಮಗೆ ಕೇಳುತ್ತಿತ್ತು, ಅವಳದು ಅವನಿಗೆ ಮುಟ್ಟುತ್ತಿರಲಿಲ್ಲ. ಬೋರ್ಡಿನಿಂದ ಧ್ವನಿ ಚೂರು ಜೋರಾಗಿ ಹೋಗುತ್ತಿತ್ತು, ನಾನು ನಡುವೆ ಬಾಯಿ ಹಾಕಿದೆ.

"ಭೀಮಶಾ ಅವರ, ನಾನು ಅಫಜಲಪುರದ ಆಪರೇಟರ್. ಯಾರೂ ಸತ್ತಿಲ್ಲ. ನಿಮ್ಮ ಮನಿಯವರು ಇಲ್ಲೇ ಅದಾರ."

"ಸುಳ್ಳು ಹೇಳಬ್ಯಾಡ್ರಿ ಬಾಯಿ. ಧೈರ್ಯ ಇರ್ಲಿ ಅಂತ ಎಲ್ಲಾರೂ ಹಿಂಗ ಹೇಳ್ತಾರ. ನಮ್ಮಪ್ಪ ಸತ್ತಾಗೂ ಹಿಂಗ ಹೇಳಿ ಕರಸಿದ್ರು. ನೀಲವ್ವ ಎಲ್ಲಿ? ಇದ್ದಿದ್ರ ಆಕೀನ ಮಾತಾಡ್ತಿದ್ಳು. ನೀಲವ್ವನ ಹೋದಳೇನ್ರಿ?"

ಅವನೇನೂ ಸಂಕೋಚವಿಲ್ಲದೆ ಹೆಂಡತಿಯ ಹೆಸರು ಹಿಡಿದು ಅಳುತ್ತಿದ್ದ. ಗೂಡಿನ ಗಾಜಿನೊಳಗೆ ನೀಲವ್ವನ ಮುಖ ಕಾಣುತ್ತಿತ್ತು. ತಾನು ಸತ್ತಳೆಂದು ಗಂಡ ಅಳುವುದನ್ನು ಬದುಕಿದ್ದಾಗಲೇ ಕೇಳಿದ ಮುಖ ಅದು. "ಇಲ್ಲೇ ಅದೀನ್ರಿ, ಇಲ್ಲೇ ಅದೀನ್ರಿ" ಅಂದಳು. ಸದ್ದು ಇನ್ನೂ ಜೋರಾಯಿತು. ಸೋಲಾಪುರದವಳು "ಲೈನ್ ಹೋಗ್ತದ, ಲೈನ್ ಹೋಗ್ತದ" ಅಂದಳು.

ಆಗ ನೀಲವ್ವ ಎದೆಯಾಳದಿಂದ ಕೂಗಿದಳು.

"ಭೀಮಶಾ... ಭೀಮಶಾ..."

ಮುಂದೆ ರೀ ಇಲ್ಲ, ಅವರು ಇಲ್ಲ, ಪ್ರಾಸವಿಲ್ಲ. ಹೊಲದಾಚೆ ಇದ್ದವನನ್ನು ಬದುವಿನ ಮೇಲೆ ನಿಂತು ಕರೆದ ಹಾಗೆ. ಒಳಗೆ ನಿಂತಿದ್ದವರೆಲ್ಲ ಬಟ್ಟೆ ಹಿಂಡುವುದನ್ನು ಬಿಟ್ಟು ತಿರುಗಿ ನೋಡಿದರು. ಆ ಕಡೆ ಅಳು ಗಕ್ಕನೆ ನಿಂತಿತು. ಆಮೇಲೆ ಲೈನೂ ಸತ್ತಿತು. ನಾನು ವಾಯರು ಕಿತ್ತು ಚುಚ್ಚಿ, ಮತ್ತೆ ಕಿತ್ತು ಚುಚ್ಚಿ, ಹಿಡಿಕೆ ತಿರುಗಿಸಿ ತಿರುಗಿಸಿ ಕೈಸೋತೆ. ಕಲಬುರಗಿಯೇ ಸಿಗಲಿಲ್ಲ.

ನೀಲವ್ವ ಗೂಡಿನಿಂದ ಹೊರಗೆ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ನಿಶ್ಚಯದ ಮಾತು ಹೇಳಲೇ ಆಗಿರಲಿಲ್ಲ. ರುಕ್ಮಿಣಿಯ ಹೆಸರೂ ಹೋಗಿರಲಿಲ್ಲ, ಸೋಮವಾರ ಅನ್ನುವುದೂ ಹೋಗಿರಲಿಲ್ಲ. ರಸೂಲ್ ಸಾಹೇಬರು ಚಹಾ ತರಿಸಿ ಕೊಟ್ಟರು, ಅವಳು ಕುಡಿಯಲಿಲ್ಲ. "ಬರೇ ಹೆಸರು ತೊಗೊಂಡು ಬಿಟ್ಟೆ ಬಾಯಾರ" ಅಂದಳು. "ಕೆಲಸ ಆಗ್ಲಿಲ್ಲ, ಹೆಸರೊಂದು ಹೋತು." ಬಿದ್ದಿದ್ದ ಬಟ್ಟೆ ಎತ್ತಿಕೊಂಡು ದವಡೆಗೆ ಕಟ್ಟಿಕೊಂಡು ಬಸ್ಸಿಗೆ ಹೋದಳು. ಅವಳು ಹೋಗುವುದನ್ನು ನೋಡುತ್ತ ನಿಂತಾಗ ನನಗೆ ಅಳು ಬಂತು. ಟೆಲಿಫೋನ್ ಇಲಾಖೆಯ ಮೇಲೆಯೇ ಸಿಟ್ಟು ಬಂತು.

ಆಮೇಲಿನ ದಿನಗಳು ಮುಗಿಯಲೊಲ್ಲವು. ಹಳ್ಳದ ದಂಡೆಯ ಕಂಬ ಉರುಳಿತ್ತು, ಲೈನ್‌ಮನ್‌ಗಳು ಕೆಸರಿನಲ್ಲಿ ಹೋಗಿ ನಿಲ್ಲಿಸಬೇಕು, ಮಳೆ ಬಿಡುತ್ತಿರಲಿಲ್ಲ. ಬೋರ್ಡಿನಲ್ಲಿ ಊರೊಳಗಿನ ಕರೆಗಳು ಮಾತ್ರ. ಟ್ರಂಕ್ ಲೈನಿನ ಮುಚ್ಚಳ ಬಿದ್ದೀತೇನೋ ಅಂತ ಅದನ್ನೇ ನೋಡುತ್ತ ಕೂರುತ್ತಿದ್ದೆ. ಸೋಮವಾರ ಬಂತು, ಹೋಯಿತು. ಆ ಹಳ್ಳಿಯಲ್ಲಿ ನಿಶ್ಚಯದ ಸಕ್ಕರೆ ಹಂಚಿರುತ್ತಾರೆ ಅಂತ ಅಂದುಕೊಂಡು ಅಂದು ನನಗೆ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲೂ ಮನಸ್ಸಾಗಲಿಲ್ಲ. ರಸೂಲ್ ಸಾಹೇಬರೂ ಆ ವಾರ ಯಾರಿಗೂ ಸಬೂರ್ ಮಾಡ್ರಿ ಅನ್ನಲಿಲ್ಲ.

ಮುಂದಿನ ಸಂತೆಯ ದಿನ ಬಿಸಿಲು ಬಿದ್ದಿತ್ತು. ಕೌಂಟರಿನ ಮುಂದೆ ಒಬ್ಬ ಎತ್ತರದ, ಕೆನ್ನೆ ಬತ್ತಿದ ಗಂಡಸು ಬಂದು ಕೈಮುಗಿದ. ಅವನ ಹಿಂದೆ ಸೆರಗು ಹೊದ್ದು ನೀಲವ್ವ ನಿಂತಿದ್ದಳು. ದವಡೆಗೆ ಬಟ್ಟೆ ಇರಲಿಲ್ಲ.

"ಅವತ್ತು ಲೈನಿನಾಗ ಮಾತಾಡಿದ ಬಾಯಾರು ನೀವೇನ್ರಿ?"

ಹೌದು ಅಂದೆ. "ಏನಾತ್ರಿ?" ಅಂದೆ.

"ನಿಶ್ಚಯಕ್ಕ ಬಂದವರನ್ನ ಬರೇ ನೀರು ಕೊಟ್ಟು ಕಳಿಸಿದ್ವಿ. ರುಕ್ಮಿಣಿ ಸಾಲಿಗೆ ಹೋಗ್ಯಾಳ ಇವತ್ತು" ಅಂದ.

"ಮತ್ತ ನಿಮಗ ಹ್ಯಾಂಗ ಗೊತ್ತಾತು? ನಿಮ್ಮ ಮನಿಯವರ ಮಾತೇನೂ ಕೇಳ್ಸಲಿಲ್ಲಲ್ಲ ನಿಮಗ."

"ಈಕೀದು ಏನೂ ಕೇಳ್ಸಲಿಲ್ರಿ. ಬರೇ ಗೊರ ಗೊರ. ಕಡೀಕ ನನ್ನ ಹೆಸರೊಂದ ಕೇಳ್ತು." ಅವನು ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. "ಮದುವಿ ಆದಾಗಿಂದ ಈಕಿ ಒಡಪಿನಾಗ ಬಿಟ್ಟು ನನ್ನ ಹೆಸರು ತೊಗೊಂಡಾಕಿ ಅಲ್ರಿ. ಒಮ್ಮೆ ನನಗ ಹಾವು ಕಚ್ಚಿದಾಗೂ 'ರೀ, ರೀ' ಅಂತನ ಅತ್ತಾಳ. ಈಕಿ ಬರೇ ಬಾಯಿಲೆ ನನ್ನ ಹೆಸರು ಕೂಗ್ಯಾಳ ಅಂದ್ರ, ಸಾವಿಗಿಂತ ದೊಡ್ಡದೇನೋ ಮನಿಗೆ ಬಂದದ ಅಂದ್ಕೊಂಡೆ. ನೇಯೋ ಸಾಂಚಾ ಬಂದ್ ಮಾಡಿ, ಉಟ್ಟ ಬಟ್ಟಿ ಮ್ಯಾಲ ಗಾಡಿ ಹತ್ತಿದೆ."

ರಸೂಲ್ ಸಾಹೇಬರು ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಭೀಮಶಾ ಕೌಂಟರಿಗೆ ಇನ್ನಷ್ಟು ಹತ್ತಿರ ಬಂದು ದೂರು ಕೊಡುವವನ ಹಾಗೆ ಧ್ವನಿ ತಗ್ಗಿಸಿದ.

"ಬಂದಾಗಿಂದ ಕೇಳಾಕತ್ತೇನ್ರಿ, ಇನ್ನೊಮ್ಮೆ ಹಂಗ ಕರಿ ಅಂತ. ಒಲ್ಲೆ ಅಂತಾಳ. ನೀವರೆ ಹೇಳ್ರಿ ಬಾಯಾರ."

ಸೆರಗಿನ ಒಳಗಿನಿಂದ ಉತ್ತರ ಬಂತು. "ಫೋನಿನಾಗ ಅಂದದ್ದು ಫೋನಿನಾಗ ಇರ್ಲಿ. ನಡೀರಿ, ಬಸ್ಸು ಹೋಗ್ತದ."

ದಸರೆ ಮುಗಿಯುತ್ತಲೇ ಖಾಯಂ ಆಪರೇಟರ್ ಕೂಸನ್ನೆತ್ತಿಕೊಂಡು ವಾಪಸ್ಸು ಬಂದಳು, ನಾನು ಕಲಬುರಗಿಗೆ ಹಿಂದಿರುಗಿದೆ. ಹೋಗುವಾಗ ಮುಖ ಊದಿಸಿಕೊಂಡಿದ್ದವಳು ಬರುವಾಗಲೂ ಊದಿಸಿಕೊಂಡೇ ಬಂದೆ. ಅಷ್ಟರಲ್ಲಿ ನೀಲವ್ವನ ಸುದ್ದಿ ಬಾಯಿಂದ ಬಾಯಿಗೆ ಹರಡಿ, ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದು ಧೈರ್ಯವಾಗಿ ಒಡಪು ಹೇಳಿ ಕಾಲ್ ಬುಕ್ ಮಾಡತೊಡಗಿದ್ದರು. ಸೋಲಾಪುರದವಳು ದಿನಾ ಬೆಳಿಗ್ಗೆ "ಇವತ್ತು ಏನಾದ್ರೂ ಹೊಸಾದು?" ಅಂತ ಕೇಳುತ್ತಿದ್ದಳು. ಮುಂದಿನ ವರ್ಷ ರಸೂಲ್ ಸಾಹೇಬರು ಲೈನಿನ ಮೇಲೆಯೇ ಸುದ್ದಿ ಕೊಟ್ಟರು. ರುಕ್ಮಿಣಿ ಮ್ಯಾಟ್ರಿಕ್ ಪಾಸಾಗಿದ್ದಳು, ತಾಯಿ ಮಗಳು ಇಬ್ಬರೂ ಬಂದು ಪೇಢೆ ಕೊಟ್ಟು ಹೋಗಿದ್ದರು. ನನ್ನ ಪಾಲಿನದನ್ನೂ ತಾವೇ ತಿಂದದ್ದಾಗಿ ಹೇಳಿದರು.

ಆ ರಸೂಲ್ ಸಾಹೇಬರು ಈಗಿಲ್ಲ. ಅವರ ಮೊಮ್ಮಗಳ ಮದುವೆಗೆಂದೇ ನಾನು ಆ ಬಸ್ಸಿನಲ್ಲಿ ಹೊರಟಿದ್ದೆ. ಅಫಜಲಪುರದಲ್ಲಿ ಇಳಿದಾಗ ಮುಂದಿನ ಸೀಟಿನ ಹುಡುಗಿಯ ಮಲ್ಲಿಕಾರ್ಜುನ ಗಾಡಿ ತಂದು ನಿಂತಿದ್ದ. ಪಾಪದವನ ಹಾಗೆ ಕಂಡ. ನಾನು ಹಳೆಯ ಎಕ್ಸ್‌ಚೇಂಜಿನ ಓಣಿಗೆ ತಿರುಗಿದೆ. ಮನೆ ಇದೆ, ಮುಂದಿನ ಕೋಣೆಯಲ್ಲಿ ಯಾರದೋ ಬೀಜ ಗೊಬ್ಬರದ ಅಂಗಡಿ. ಬೇವಿನ ಗಿಡವೂ ಇದೆ. ಅದರ ಕೆಳಗೆ ಹೋಗಿ ನಿಂತೆ. ಆಮೇಲೆ ಚೀಲದಿಂದ ಮೊಬೈಲ್ ತೆಗೆದು ಮನೆಗೆ ಹಚ್ಚಿದೆ.

"ಮುಟ್ಟಿದಿಯೇನು?" ಅಂದರು ಯಜಮಾನರು.

ಲೈನ್ ಸ್ವಚ್ಛವಾಗಿತ್ತು. ಉಸಿರೂ ಕೇಳುತ್ತಿತ್ತು. ಅಂಗಡಿಯವರು ನೋಡುತ್ತಾರೇನೋ ಅಂತ ಗಿಡದ ಕಡೆ ಮುಖ ಮಾಡಿ, ಮೆಲ್ಲಗೆ "ವಸಂತ" ಅಂದೆ.

ಆ ಕಡೆ ಕುರ್ಚಿ ಸರಿದ ಸದ್ದು, ಎದ್ದು ನಿಂತಿರಬೇಕು.

"ಏನಾತು?" ಅಂದರು. "ಎಲ್ಲಿದ್ದೀ? ನಾ ಬರ್ಲೇನು?"